ಬಲಗೈ ಕೆತ್ತಿದ ಹಲ್ಲು

ನನ್ನನ್ನು ದಂತವೈದ್ಯ ಕಾಲೇಜಿಗೆ ಸೇರಿಸಿಕೊಳ್ಳಬಾರದೆಂದು ತೀರ್ಮಾನಿಸಲು ಆ ಮಹನೀಯರಿಗೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಹಿಡಿಯಿತು. ಕಾಫಿ ಅವರ ಮುಂದೆಯೇ ಇತ್ತು, ನಾನು ಅದನ್ನೇ ನೋಡುತ್ತ ಕೂತಿದ್ದೆ. ಆದ್ದರಿಂದ ಈ ಅಳತೆಯಲ್ಲಿ ತಪ್ಪಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಕಡೂರಿನ ತೆಂಗಿನಕಾಯಿ ವ್ಯಾಪಾರಿಯ ಮಗಳು, ಪಿಯುಸಿಯನ್ನು ಒಳ್ಳೆಯ ಅಂಕಗಳಿಂದ ಮುಗಿಸಿದವಳು. ಅಂಕಗಳ ಬಗ್ಗೆ ಆ ಕೋಣೆಯಲ್ಲಿ ತಕರಾರಿರಲಿಲ್ಲ. ಮೇಜಿನ ಆಚೆ ಕೂತಿದ್ದವರ ಪೈಕಿ ದಪ್ಪ ಫ್ರೇಮಿನ ಕನ್ನಡಕದ ಸಾಹೇಬರು ಮುಖ್ಯಸ್ಥರು. ಅವರು ನನ್ನ ಮುಂದೆ ಗಾರೆಯಲ್ಲಿ ಮಾಡಿದ ಒಂದು ಕೋರೆಹಲ್ಲು, ಬೆರಳು ದಪ್ಪದ ಸೀಮೆಸುಣ್ಣ, ಒಂದು ಚಿಕ್ಕ ಚಾಕು ಇಟ್ಟು, "ಇದನ್ನ ನೋಡ್ಕೊಂಡು ಹಂಗೇ ಕೆತ್ತಮ್ಮ. ಕೈ ಹೆಂಗಿದೆ ನೋಡೋಣ" ಅಂದರು.

ಕೈ ಹೇಗಿತ್ತೆಂದು ಹೇಳಲು ನನಗೆ ಸಂಕೋಚವಿಲ್ಲ. ಬಹಳ ಚೆನ್ನಾಗಿತ್ತು. ಬೇರಿನ ತುದಿಯ ಸಣ್ಣ ಬಾಗು, ಬೆನ್ನಿನ ಮೇಲಿನ ಉಬ್ಬು, ಎಲ್ಲ ಸೀಮೆಸುಣ್ಣದೊಳಗೆ ಮೊದಲೇ ಇದ್ದು ಹೊರಗೆ ಬರಲು ಕಾಯುತ್ತಿದ್ದ ಹಾಗೆ ಬಂದವು. ಚೂಪು ತುದಿಯೊಂದು ಬಾಕಿ ಇದ್ದಾಗ ಸಾಹೇಬರು ಕಾಫಿಯತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಏನಮ್ಮಾ, ಎಡಗೈನಾ?"

"ಹೌದು ಸಾರ್."

"ಬರೆಯೋದೂ?"

"ಅದೂ ಸಾರ್."

ಅವರು ಪಕ್ಕದವರ ಮುಖ ನೋಡಿದರು, ಪಕ್ಕದವರು ಅವರ ಮುಖ ನೋಡಿದರು. ಸಾವಿನ ಮನೆಗೆ ಹೋದವರು ಹೊಸ್ತಿಲಲ್ಲಿ ಹಾಗೆ ನೋಡಿಕೊಳ್ಳುತ್ತಾರೆ.

"ನೋಡಮ್ಮ, ನಮ್ಮ ಕುರ್ಚಿಗಳೆಲ್ಲ ಬಲಗೈಯವರಿಗೆ ಅಂತ ಮಾಡಿರೋವು. ಡಾಕ್ಟ್ರು ನಿಲ್ಲೋದು ಪೇಷೆಂಟಿನ ಬಲಕ್ಕೆ. ಉಗಿಯೋ ಬೋಗುಣಿ ಎಡಕ್ಕೆ. ನೀನು ಎಲ್ಲಿ ನಿಲ್ತೀಯ, ಬೋಗುಣಿಯೊಳಗಾ?"

ಮಿಕ್ಕವರು ನಕ್ಕರು. ನಗು ಮುಗಿದ ಮೇಲೆ ಸಾಹೇಬರ ಸ್ವರ ತಂದೆಯ ಸ್ವರವಾಯಿತು. "ಅದೂ ಅಲ್ದೆ, ಎಡಗೈನ ಬಾಯೊಳಗೆ ಹಾಕಿಸ್ಕೊಳ್ಳೋಕೆ ಯಾರು ಒಪ್ತಾರೆ ಹೇಳು? ಮರ್ಯಾದಸ್ಥರು ಯಾರೂ ಒಪ್ಪಲ್ಲ. ಬಿಎಸ್ಸಿ ಮಾಡು, ಒಳ್ಳೇದಾಗುತ್ತೆ."

ಹಲ್ಲನ್ನು ಅವರು ಎತ್ತಿ ನೋಡಲಿಲ್ಲ. ನಾನು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಎದ್ದು ಬಂದೆ. ಸೀಮೆಸುಣ್ಣ ಕಾಲೇಜಿನದು. ಬೇಕಾದರೆ ಬಂದು ಕೇಳಲಿ ಎಂದುಕೊಂಡೆ. ಕಡೂರಿನವರೆಗೂ ರೈಲಿನಲ್ಲಿ ಕಿಟಕಿಯ ಸರಳನ್ನು ಎಡಗೈಯಲ್ಲಿ ಹಿಡಿದು ಕೂತಿದ್ದೆ, ಎಷ್ಟು ಬಿಗಿಯಾಗಿ ಎಂದರೆ ಇಳಿಯುವಾಗ ಅಂಗೈಯಲ್ಲಿ ತುಕ್ಕಿನ ಗೆರೆ ಮೂಡಿತ್ತು.

ಎಡಗೈಯ ಮರ್ಯಾದೆಯ ಪ್ರಶ್ನೆ ನನಗೆ ಹೊಸದಾಗಿರಲಿಲ್ಲ. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ. ಸ್ನಾನವಾಗಿ ಇಷ್ಟಲಿಂಗದ ಪೂಜೆ ಮುಗಿಯದೆ ಯಾರೂ ತಿಂಡಿಯ ತಟ್ಟೆ ಮುಟ್ಟುವಂತಿರಲಿಲ್ಲ. ಪೂಜೆಯಲ್ಲಿ ಲಿಂಗ ಕೂರುವುದು ಎಡ ಅಂಗೈ ಮೇಲೆ. ವಿಭೂತಿ ಹಚ್ಚುವುದು, ಹೂವೇರಿಸುವುದು, ಒಟ್ಟಿನಲ್ಲಿ ಓಡಾಟದ ಕೆಲಸವೆಲ್ಲ ಬಲಗೈಯದು. ಎಡಗೈಗೆ ಇರುವುದು ಒಂದೇ ಕೆಲಸ, ಅಲ್ಲಾಡದೆ ದೇವರನ್ನು ಹೊತ್ತಿರುವುದು. ನಾನು ಚಿಕ್ಕವಳಿದ್ದಾಗ ಒಂದು ದಿನ, ಹೂವೇರಿಸಲು ಎಡಗೈ ಬೇಕೆಂದು, ಲಿಂಗವನ್ನು ಬಲ ಅಂಗೈಗೆ ಬದಲಾಯಿಸಿಕೊಂಡೆ. ಅಪ್ಪನ ತಾಯಿ, ನಮ್ಮಜ್ಜಿ, ಕಿರುಚಿದ ರಭಸಕ್ಕೆ ಪಕ್ಕದ ಮನೆಯವರು ಹಾವು ಬಂತೆಂದು ಕೋಲು ಹಿಡಿದು ಓಡಿಬಂದರು.

"ಲೇ, ಎಡಗೈ ಮೇಲಿಡೇ! ಬಲಗೈಲಿ ಯಾರಾದ್ರೂ ಇಡ್ತಾರೇನೇ?"

ಇಟ್ಟೆ. ಅದೇ ಅಜ್ಜಿ ಅದೇ ಬೆಳಿಗ್ಗೆ, ದೇವನೂರಿನಿಂದ ಬಂದ ನೆಂಟರಿಗೆ ನಾನು ಎಡಗೈಯಲ್ಲಿ ನೀರಿನ ಲೋಟ ಕೊಟ್ಟೆನೆಂದು ಮತ್ತೆ ಕಿರುಚಿದಳು.

"ಎಡಗೈಲಿ ಕೊಡ್ತೀಯೇನೇ, ದರಿದ್ರದೋಳೆ!"

ದೇವರು ಕೂರುವ ಕೈಯಿಂದ ದೇವನೂರಿನವರು ನೀರು ಕುಡಿಯಬಾರದೇಕೆ ಎಂದು ಕೇಳಿದೆ. ತಲೆಯ ಮೇಲೆ ಕುಟ್ಟಿದ್ದೇ ಉತ್ತರ. ಬಲಗೈಯಲ್ಲೇ ಕುಟ್ಟಿದಳು, ಶಾಸ್ತ್ರಕ್ಕೆ ಲೋಪವಾಗಲಿಲ್ಲ.

ಈ ರೋಗಕ್ಕೆ ಮದ್ದು ಮಾಡಲೆಂದೇ ನನ್ನನ್ನು ಮೊದಲ ತರಗತಿಗೆ ಅಜ್ಜಂಪುರದ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರು. ಮಾವ ಅಲ್ಲಿ ಪ್ರೈಮರಿ ಶಾಲೆಯ ಹೆಡ್‌ಮಾಸ್ತರು. ಅವರ ಚಿಕಿತ್ಸೆ ಸರಳವಾಗಿತ್ತು. ನನ್ನ ಜಡೆಯ ಟೇಪು ಬಿಚ್ಚಿ, ಎಡ ಮಣಿಕಟ್ಟನ್ನು ಬೆಂಚಿನ ಕಾಲಿಗೆ ಕಟ್ಟುತ್ತಿದ್ದರು. ಗಂಟು ಹೂವಿನ ಆಕಾರದಲ್ಲಿರುತ್ತಿತ್ತು, ಆ ಮಟ್ಟಿಗೆ ಅವರು ರಸಿಕರು. ಶಾಲೆಯ ಮಕ್ಕಳೆಲ್ಲ ನೋಡುತ್ತಿದ್ದರು. ನಾನು ಬಿಚ್ಚಿದ ಜಡೆಯಲ್ಲಿ, ಬಲಗೈಯಲ್ಲಿ, ಸ್ಲೇಟಿನ ಮೇಲೆ ಅ ಬರೆಯುತ್ತಿದ್ದೆ. ಅದು ಜ್ವರ ಬಂದ ಅ. ಊಟವನ್ನು ಮಾತ್ರ ಬಲಗೈ ಹೇಗೋ ಕಲಿಯಿತು, ಹಸಿವಿತ್ತಲ್ಲ. ಕಡೂರಿಗೆ ವಾಪಸು ಬಂದ ವಾರದೊಳಗೆ ಬಳಪ ಮತ್ತೆ ಎಡಗೈಗೆ ಬಂದಿತ್ತು.

ಇನ್ನು, ಹಲ್ಲಿನ ಮೇಲೇ ನನಗೆ ಯಾಕೆ ಮನಸ್ಸಾಯಿತೆಂಬುದಕ್ಕೂ ಅಜ್ಜಿಯೇ ಕಾರಣ. ಆಗ ತರೀಕೆರೆಗೆ ಶಿವಮೊಗ್ಗದಿಂದ ಸಂತೆಯ ದಿನ ಹಲ್ಲಿನ ಡಾಕ್ಟರೊಬ್ಬರು ಬಂದು, ಸ್ಟೇಷನ್ ರಸ್ತೆಯ ಬಾಡಿಗೆ ಕೋಣೆಯಲ್ಲಿ ಕೂರುತ್ತಿದ್ದರು. ಹೊಲಿಗೆ ಮಿಷನ್ನಿನ ಹಾಗೆ ಕಾಲಲ್ಲಿ ತುಳಿಯುವ ಡ್ರಿಲ್ ಅವರದು. ಅಜ್ಜಿಗೆ ದವಡೆ ಊದಿಕೊಂಡಾಗ ಅಲ್ಲಿಗೆ ಕರೆದುಕೊಂಡು ಹೋದೆವು, ನಾನೂ ಜೊತೆಗಿದ್ದೆ. ನಮ್ಮ ಬೀದಿಯಲ್ಲಿ ಯಾವ ಗಂಡಸಿಗೂ ಅಜ್ಜಿಯ ಬಾಯಿ ಮುಚ್ಚಿಸಲು ಆಗಿರಲಿಲ್ಲ. ಆ ಡಾಕ್ಟರು ಬಾಯಿ ತೆರೆಸಿ ಸುಮ್ಮನಿರಿಸಿದರು. ಅಜ್ಜಿ ಕರುವಿನ ಹಾಗೆ ಕೂತಿದ್ದಳು. ಲೋಕದಲ್ಲಿ ಕಲಿಯಬೇಕಾದ ವಿದ್ಯೆ ಒಂದಿದ್ದರೆ ಇದೇ ಎಂದು ನಾನು ಅಲ್ಲೇ ತೀರ್ಮಾನಿಸಿದೆ. ತಮಾಷೆಗೆ ಶುರುವಾದ ಆಸೆ ಹೈಸ್ಕೂಲಿನ ಹೊತ್ತಿಗೆ ನಿಜವಾಯಿತು. ಬೇರೆ ಯಾವುದೂ ಬೇಡವೆನ್ನುವಷ್ಟು ನಿಜ.

ಕಾಲೇಜಿನವರು ವಿಷಾದ ವ್ಯಕ್ತಪಡಿಸಿದ ಕಾಗದ ಬಂದ ದಿನದಿಂದ ಅಪ್ಪನ ಅಂಗಡಿಗೆ ಜನ ಸಂತಾಪಕ್ಕೆ ಬರಹತ್ತಿದರು. ನಾನು ಒಳಗೆ ಚೀಲಗಳ ಹಿಂದೆ ಕೂತು ಕೇಳುತ್ತಿದ್ದೆ.

"ಎಡಗೈ ಅಂತ ಬಿಟ್ಬಿಟ್ರಂತೆ?"

"ಅಲ್ಲ ಕಣ್ರೀ, ಎಡಗಡೆ ಹಲ್ಲೆಲ್ಲ ಈ ಹುಡುಗಿಗೆ ಬಿಡ್ಲಿ, ಬಲಗಡೇವು ಬೇರೆಯೋರು ಕೀಳ್ಲಿ. ಜಗಳ ಯಾಕೆ?"

"ಅಷ್ಟಕ್ಕೂ ಮೈಯಲ್ಲಿ ಇಷ್ಟೆಲ್ಲ ಇರೋವಾಗ ಬರೀ ಹಲ್ಲು ಯಾತಕ್ಕೆ ಅಂತೀನಿ. ಕಣ್ಣಿಲ್ವಾ? ಹೊಟ್ಟೆ ಇಲ್ವಾ?"

"ಹೆಣ್ಣುಮಗು ಬಾಯಿಗೆ ಕೈ ಹಾಕೋದೇ ಒಂಥರಾ. ಅದ್ರಲ್ಲೂ ಎಡಗೈ! ಏನಪ್ಪಾ ಗತಿ!"

ಸಿಟ್ಟು ಬಂದರೆ ಅಪ್ಪ ಕಾಯಿ ಸುಲಿಯಲು ಕೂರುತ್ತಿದ್ದರು. ಅವತ್ತು ಗಿರಾಕಿ ಕೇಳದ ಕಾಯಿಗಳೂ ಸುಲಿದು ರಾಶಿಯಾದವು. ಅವರ ಸಿಟ್ಟು ಕಾಲೇಜಿನವರ ಮೇಲೆ ಎಂದು ನಾನು ತಿಳಿದಿದ್ದೆ. ರಾತ್ರಿ ಊಟಕ್ಕೆ ಕೂತಾಗ ಗೊತ್ತಾಯಿತು, ಅದು ನನ್ನ ಕೈಯ ಮೇಲೆ.

"ಆವಾಗ್ಲೇ ಗಟ್ಟಿಯಾಗಿ ತಿದ್ದಿದ್ರೆ ಇವತ್ತು ಹಿಂಗಾಗ್ತಿರ್ಲಿಲ್ಲ" ಅಂದರು. ಅಮ್ಮ ತಲೆಯಾಡಿಸಿದಳು. ಅಜ್ಜಿ ಮಾತ್ರ ಯಾಕೋ ಎದ್ದು ಕೈ ತೊಳೆಯಲು ಹೋದಳು. ಅಜ್ಜಂಪುರದ ಮಾವನಿಗೆ ಹೇಳಿ ಕಳುಹಿಸಿದರು. ಮಾವ ಬಂದು, ಚಾಪೆಯ ಮೇಲೆ ಕೂತು, ನನ್ನ ಎಡಗೈಯನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಮೃತಮಹಲ್ ಹೋರಿಯ ಗೊರಸು ನೋಡುವವರ ಮುಖದಲ್ಲಿ ಅಂಥ ಗಾಂಭೀರ್ಯವಿರುತ್ತದೆ.

"ಕೆಲಸ ಅರ್ಧಕ್ಕೆ ನಿಂತಿತ್ತು" ಅಂದರು. "ಒಂದು ವರ್ಷ ನನ್ನ ಹತ್ರ ಬಿಡಿ. ಮುಂದಿನ ಸಲ ಅವರೇ ಕರ್ದು ಸೀಟು ಕೊಡ್ತಾರೆ."

ಪಿಯುಸಿ ಮುಗಿಸಿ, ಸೀರೆ ಉಡಲು ಶುರು ಮಾಡಿದ್ದ ನಾನು ಮತ್ತೆ ಮೊದಲ ತರಗತಿಗೆ ಹೋಗಬೇಕೆಂದು ಹೀಗೆ ನಿಶ್ಚಯವಾಯಿತು.

ಹೋಗುವ ಮೊದಲು ನಾನು ತರೀಕೆರೆಗೆ ಹೋದೆ. ಆ ಡಾಕ್ಟರಿಗೆ ಆಗಲೇ ಕೂದಲು ನರೆತಿತ್ತು. ಕುರ್ಚಿಯಲ್ಲಿ ಯಾರೂ ಇರಲಿಲ್ಲ. ನಡೆದದ್ದೆಲ್ಲ ಹೇಳಿ, "ನಿಜವಾಗಿ ಆಗಲ್ವಾ ಸಾರ್?" ಎಂದು ಕೇಳಿದೆ.

ಅವರು ತಾವೇ ಕುರ್ಚಿಯಲ್ಲಿ ಕೂತು ಬಾಯಿ ತೆರೆದರು. "ಬಾ, ಈ ಕಡೆ ನಿಂತ್ಕೋ."

ಈ ಕಡೆ ಎಂದರೆ ಎಡಕ್ಕೆ. ನಿಂತೆ. ಕನ್ನಡಿ ಕೊಟ್ಟರು, ಕೊಕ್ಕೆಯ ಹಾಗಿನ ಸಲಾಕೆ ಕೊಟ್ಟರು. ಸಲಾಕೆ ಎಡಗೈಗೆ, ಕನ್ನಡಿ ಬಲಗೈಗೆ ತಾವಾಗಿ ಹೋಗಿ ಕೂತವು. ಡಾಕ್ಟರ ಹಿಂದವಡೆಯ ತನಕ ಎಲ್ಲ ಕಾಣಿಸುತ್ತಿತ್ತು. ಬೋಗುಣಿ ಸ್ವಲ್ಪ ಸೊಂಟಕ್ಕೆ ತಾಗುತ್ತಿತ್ತು, ಅಷ್ಟೆ.

"ಇಷ್ಟೇನಾ ಸಾರ್?"

"ಇಷ್ಟೇ ಕಣಮ್ಮ." ಅವರು ಎದ್ದು ಬಾಯಿ ಒರೆಸಿಕೊಂಡರು. "ಅಲ್ಲಿ ಹೋಗಿ ಇದನ್ನ ಹೇಳ್ಬೇಡ ಮತ್ತೆ. ಅವರಿಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ? ಮೊದ್ಲು ಒಳಗೆ ಹೋಗು. ಒಳಗೆ ಹೋದ್ಮೇಲೆ ಯಾವ ಕಡೆ ನಿಂತೆ ಅಂತ ಯಾರೂ ಕೇಳಲ್ಲ."

ಅಲ್ಲಿಯ ತನಕ ನನಗೆ ಬಂದಿದ್ದದ್ದು ಅಳು. ಸಿಟ್ಟು ಬಂದದ್ದು ಆ ಕೋಣೆಯಿಂದ ಇಳಿದು ಸ್ಟೇಷನ್ನಿಗೆ ನಡೆಯುವಾಗ. ಆಗದ ಕೆಲಸಕ್ಕೆ ಬೇಡವೆಂದಿದ್ದರೆ ಸಹಿಸಬಹುದಿತ್ತು. ಕುರ್ಚಿಯ ಆಚೆ ಬದಿಗೆ ಹೋಗಿ ನಿಂತರೆ ಮುಗಿಯುವ ಮಾತಿಗೆ ನನ್ನ ಒಂದು ವರ್ಷ ಹೋಗಿತ್ತು, ಅದನ್ನು ಅಜ್ಜಂಪುರದಲ್ಲಿ ಕೈ ಕಟ್ಟಿಸಿಕೊಂಡು ಕಳೆಯುವುದಿತ್ತು. ಬೀರೂರಿನಲ್ಲಿ ರೈಲು ಬದಲಾಯಿಸಲು ಕಾಯುತ್ತ ಕೂತಿದ್ದಾಗ ಪಕ್ಕದ ಹೆಂಗಸು, "ಯಾಕವ್ವ, ಹಲ್ಲುನೋವಾ? ಹಂಗೆ ಕಚ್ಕೊಂಡಿದೀಯಾ" ಎಂದು ಕೇಳಿದಳು. ಹೌದೆಂದೆ.

ಅಜ್ಜಂಪುರದ ಆ ವರ್ಷವನ್ನು ಮಾವ ಒಂದು ಯಜ್ಞದ ಹಾಗೆ ನಡೆಸಿದರು. ಈ ಸಲ ಟೇಪಿರಲಿಲ್ಲ, ಟವೆಲ್ಲಿತ್ತು. ಬೆಳಿಗ್ಗೆ ಎಡಗೈಗೆ ಒದ್ದೆ ಟವೆಲ್ಲು ಸುತ್ತಿ, ಬಲಗೈಯಲ್ಲಿ ಕಾಪಿ ಬರೆಸುವುದು. ಆಮೇಲೆ ಬಲಗೈಯಲ್ಲಿ ಈರುಳ್ಳಿ ಹೆಚ್ಚುವುದು. ಅಜ್ಜಂಪುರದಲ್ಲಿ ಈರುಳ್ಳಿಗೆ ಬರವಿರಲಿಲ್ಲ, ನನ್ನ ಕಣ್ಣೀರಿಗೆ ಕಾರಣ ಹೇಳಬೇಕಾದ ಕಷ್ಟವೂ ತಪ್ಪಿತು. ಸಂಜೆ ಶಾಲೆಯ ಸೀಮೆಸುಣ್ಣ, ಮಾವನ ಪೆನ್ಸಿಲ್ ಚಾಕು, ನನ್ನ ಬಲಗೈ. ಅಂಗಳದಲ್ಲಿ ಹೋಗಿಬರುವವರಿಗೆಲ್ಲ ಮಾವ ವಿವರಿಸುತ್ತಿದ್ದರು.

"ಎಡಚಿ ಕಣ್ರೀ. ಬಲಕ್ಕೆ ತಿರುಗಿಸ್ತಿದೀನಿ."

"ತಿರುಗುತ್ತಾ ಮೇಷ್ಟ್ರೇ?"

"ನದೀನೇ ತಿರುಗಿಸ್ತಾರಂತೆ, ಇದ್ಯಾವ ಲೆಕ್ಕ!"

ಶಿವನಿಯಿಂದ ಒಬ್ಬರು ತಮ್ಮ ಎಡಚ ಮಗನನ್ನೂ ಕರೆತಂದು ತೋರಿಸಿದರು. ಮಾವ ಅವನಿಗೂ ಒಂದು ಟವೆಲ್ಲು ಬರೆದುಕೊಟ್ಟರು. ಆ ಮಗು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಆ ನೋಟ ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನನ್ನ ಬಲಗೈ ಕೆತ್ತಿದ ಹಲ್ಲುಗಳು ಮೊದಮೊದಲು ಮುರಿದವು, ಆಮೇಲೆ ಮೂಲಂಗಿಯಾದವು, ಬೇಸಗೆಯ ಹೊತ್ತಿಗೆ ಕಷ್ಟಪಟ್ಟು ಹಲ್ಲಿನ ದೂರದ ನೆಂಟರಾದವು. ಅಷ್ಟಾದರೂ ಆದದ್ದಕ್ಕೆ ಕಾರಣ ಎಡಗೈ. ಸೀಮೆಸುಣ್ಣವನ್ನು ಅದು ಅಲ್ಲಾಡದೆ ಹಿಡಿದಿರುತ್ತಿತ್ತು. ಬಲಗೈ ತಡವರಿಸಿದರೆ ಕಾಣದ ಹಾಗೆ ಸ್ವಲ್ಪ ತಿರುಗಿ ಚಾಕುವಿನ ಬಾಯಿಗೆ ಬೇಕಾದ ಜಾಗ ಒಡ್ಡುತ್ತಿತ್ತು. ಅಜ್ಜಿ ಬೆಳಿಗ್ಗೆ ಬೆಳಿಗ್ಗೆ ಕಿರುಚಿ ಕಲಿಸಿದ್ದು ಅದನ್ನೇ. ಮಾವ ಬಲಗೈಯನ್ನು ನೋಡಿ ಹಿಗ್ಗುತ್ತಿದ್ದರು.

ಮರುವರ್ಷ ಅದೇ ಕೋಣೆ, ಅದೇ ಕನ್ನಡಕದ ಸಾಹೇಬರು. ಕಾಫಿ ಹೊಸದು, ಪಕ್ಕದ ಕುರ್ಚಿಯಲ್ಲಿ ಕೂತವರೂ ಹೊಸಬರು. ಸಾಹೇಬರಿಗೆ ನನ್ನ ಗುರುತು ಹತ್ತಲಿಲ್ಲ. ಅವರು ಹಿಂದಿನ ಸಲ ನೋಡಿದ್ದು ನನ್ನ ಕೈಯನ್ನು, ಮುಖವನ್ನಲ್ಲ. ಆ ಕೈ ಈ ಸಲ ಸೀಮೆಸುಣ್ಣ ಹಿಡಿದು ಸಾಧುವಾಗಿ ಕೂತಿತ್ತು. ನಾನು ಬಲಗೈಯಲ್ಲಿ ಚಾಕು ತೆಗೆದುಕೊಂಡು ಶುರು ಮಾಡಿದೆ. ಹೊತ್ತು ಹೋಗಬೇಕಲ್ಲ, ಸಾಹೇಬರು ಪಕ್ಕದವರಿಗೆ ಕಥೆ ಹೇಳಹತ್ತಿದರು.

"ಹೋದ ವರ್ಷ ಒಬ್ಬಳು ಬಂದಿದ್ಲು, ನಿಮಗೆ ಹೇಳ್ಲೇಬೇಕು. ಎಡಚಿ! ಎಲ್ಲಿ ನಿಲ್ತೀಯಮ್ಮ, ಬೋಗುಣಿಯೊಳಗಾ ಅಂದೆ. ಬಾಯೇ ಬಿಡ್ಲಿಲ್ಲ."

"ಅಯ್ಯಯ್ಯೋ! ಯಾವೂರೋಳು?"

"ಕಡೂರೋ ಎಲ್ಲೋ. ಪೇಷೆಂಟುಗಳ ಪುಣ್ಯ, ಬಚಾವಾದ್ರು."

ಇಬ್ಬರೂ ನಕ್ಕರು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಎಡಕ್ಕೆ ನಿಲ್ತೀನಿ ಸಾರ್, ಬೋಗುಣೀನ ಬಲಕ್ಕೆ ಸರಿಸ್ತೀನಿ. ಇಷ್ಟೇ ಮಾತು. ಅದನ್ನು ಹೇಳಿದರೆ ಒಂದು ಗಳಿಗೆಯ ಸುಖ, ಆಮೇಲೆ ಜೀವಮಾನವಿಡೀ ಕಡೂರಿನ ಅಂಗಡಿಯಲ್ಲಿ ಚೀಲಗಳ ಹಿಂದೆ ಕೂರುವುದು. ನುಂಗಿದೆ. ನುಂಗುವಾಗ ಚಾಕು ಜಾರಿ ಹಲ್ಲಿನ ಭುಜದಲ್ಲಿ ಒಂದು ಚಕ್ಕೆ ಹಾರಿಹೋಯಿತು.

ಸಾಹೇಬರು ಈ ಹಲ್ಲನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿದರು. ಹೊಸಬರ ಕೈಗೂ ಕೊಟ್ಟರು.

"ವೆರಿ ನೈಸ್. ಸ್ವಲ್ಪ ಒರಟು. ಆದ್ರೆ ಕೈ ಸರಿಯಾಗಿದೆ. ಯಾವೂರಮ್ಮ?"

"ಅಜ್ಜಂಪುರ ಸಾರ್."

ಸುಳ್ಳಲ್ಲ. ಆ ವರ್ಷವೆಲ್ಲ ಅಲ್ಲೇ ಇದ್ದೆ, ಅರ್ಜಿಯಲ್ಲೂ ಮಾವನ ವಿಳಾಸವೇ ಇತ್ತು. "ನೋಡಿ, ಸಣ್ಣ ಊರಿಂದ ಬಂದ್ರೂ ಎಷ್ಟು ಶಿಸ್ತು!" ಎಂದು ಸಾಹೇಬರು ಪಕ್ಕದವರಿಗೆ ಹೇಳಿದರು. ನನಗೆ ಸೀಟು ಸಿಕ್ಕಿತು.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ತರೀಕೆರೆಯ ಡಾಕ್ಟರು ಹೇಳಿದಂತೆ ಒಳಗೆ ಹೋದ ಮೇಲೆ ಯಾರೂ ಕೇಳಲಿಲ್ಲ. ರೋಗಿಗಳು ನಮ್ಮ ಕೈಗೆ ಬರುವ ಹೊತ್ತಿಗೆ ಎಂಬತ್ತರ ದಶಕ ಶುರುವಾಗಿತ್ತು. ನಾನು ಮೊದಲ ದಿನವೇ ಕುರ್ಚಿಯ ಎಡಕ್ಕೆ ಹೋಗಿ ನಿಂತೆ. ಬೋಗುಣಿಯನ್ನು ಸರಿಸಲು ಬೇಕಾದದ್ದು ಒಂದು ಸ್ಪ್ಯಾನರ್. ಮರ್ಯಾದಸ್ಥರೂ ಬಂದರು, ಬಾಯಿ ತೆರೆದರು. ಹಲ್ಲು ನೋಯುವವನು ಬಾಯಿಗೆ ಬಂದದ್ದು ಯಾವ ಕೈ ಎಂದು ವಿಚಾರಿಸಿದ್ದನ್ನು ನಾನು ಕಂಡಿಲ್ಲ.

ಸೀಟು ಸಿಕ್ಕ ಸಂತೋಷಕ್ಕೆ ಕಡೂರಿನ ಮನೆಯಲ್ಲಿ ಹೋಳಿಗೆ ಊಟವಾಯಿತು. ಸಂತೋಷ ನನ್ನದಾದರೂ ಸನ್ಮಾನ ಮಾವನದು. ಅಪ್ಪ ಅವರಿಗೆ ಶಾಲು ಹೊದಿಸಿದರು. ಹಿಂದಿನ ವರ್ಷ ಎಡಗಡೆಯ ಹಲ್ಲು ನನಗೆ ಹಂಚಿದ್ದ ಅಂಗಡಿಯ ಮಹನೀಯರೂ ಪಂಕ್ತಿಯಲ್ಲಿದ್ದರು. "ಮೇಷ್ಟ್ರು ಗೆದ್ದುಬಿಟ್ರು" ಎಂದು ಒಬ್ಬರು, "ಈಗ ಹುಡುಗಿ ಸರಿಹೋದ್ಲು" ಎಂದು ಇನ್ನೊಬ್ಬರು. ಮಾವ ಶಾಲು ಸರಿಪಡಿಸಿಕೊಂಡು, ಮಣ್ಣಿನ ಮುದ್ದೆಯಿಂದ ಮೂರ್ತಿ ಮಾಡಿದವರ ವಿನಯದಲ್ಲಿ ತಲೆ ತಗ್ಗಿಸಿದರು.

ಅವತ್ತು ಬೆಳಿಗ್ಗೆ ನಾನು ಎರಡು ಹಲ್ಲುಗಳನ್ನೂ ಅಜ್ಜಿಗೆ ತೋರಿಸಿದ್ದೆ. ಒಂದು ಕರವಸ್ತ್ರದಲ್ಲಿ ತಂದದ್ದು. ಇನ್ನೊಂದನ್ನು ಸಾಹೇಬರೇ, "ಇಟ್ಕೊಳಮ್ಮ, ನೆನಪಿಗೆ" ಎಂದು ಕೊಟ್ಟಿದ್ದರು. ಅಜ್ಜಿ ಬಾಗಿಲ ಬೆಳಕಿಗೆ ಬಂದು, ಮೊದಲನೆಯದನ್ನು ಬೆರಳಲ್ಲಿ ಸವರಿ, ತನ್ನ ಬಾಯೊಳಗೆ ಉಳಿದಿದ್ದ ಕೋರೆಹಲ್ಲನ್ನೂ ಮುಟ್ಟಿ ನೋಡಿಕೊಂಡಳು.

"ಇದು ಹಲ್ಲು." ಎರಡನೆಯದನ್ನು ತಿರುಗಿಸಿದಳು. "ಇದೇನೇ ಇದು, ಬೆಳ್ಳುಳ್ಳಿ ಎಸಳಾ?"

"ಅದಕ್ಕೇ ಅಜ್ಜಿ ಸೀಟು ಸಿಕ್ಕಿದ್ದು."

"ಮತ್ತೆ ಇದಕ್ಕೆ?"

"ಅದು ಎಡಗೈದು."

ಅಜ್ಜಿ ನನ್ನನ್ನು ನೋಡಿದಳು, ಹಲ್ಲನ್ನು ನೋಡಿದಳು. ಎರಡನ್ನೂ ನನ್ನ ಕೈಯಲ್ಲಿಟ್ಟು ಒಳಗೆ ಹೋದಳು.

ಈಗ ಪಂಕ್ತಿಯಲ್ಲಿ ತುಪ್ಪ ಬಡಿಸುವ ಕೆಲಸ ನನಗೆ ಬಂತು. ಗಿಂಡಿಯನ್ನು ಬಲಗೈಯಲ್ಲಿ ಹಿಡಿದು, ಬಡಿಸುವ ಮಿಳ್ಳೆಯನ್ನು ಎಡಗೈಗೆ ತೆಗೆದುಕೊಂಡೆ. ಯೋಚಿಸದೆ ಮಾಡಿದ್ದಲ್ಲ. ನೇರವಾಗಿ ಮಾವನ ಎಲೆಯ ಮುಂದೆ ಹೋಗಿ ಬಗ್ಗಿದೆ.

ಮಾವ ಎರಡೂ ಅಂಗೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು.

"ಬಲಗೈಲಿ ಹಾಕಮ್ಮ" ಅಂದರು ಮಾವ, ಮೆತ್ತಗೆ.

"ಅದು ಕಾಲೇಜಿಗೆ ಮಾತ್ರ ಮಾವ."

ಅಪ್ಪ ಎಲೆಯಿಂದ ತಲೆಯೆತ್ತಲಿಲ್ಲ. ಮಾವ ಕೈ ತೆಗೆಯಲಿಲ್ಲ, ನಾನು ಮಿಳ್ಳೆ ತೆಗೆಯಲಿಲ್ಲ. ತುಪ್ಪ ಒಂದೊಂದೇ ಹನಿ ಅವರ ಹೊಸ ಶಾಲಿನ ಅಂಚಿಗೆ ಬೀಳುತ್ತಿತ್ತು. ಎಷ್ಟು ಹೊತ್ತು ಹಾಗೇ ಇರುತ್ತಿದ್ದೆವೋ, ಪಂಕ್ತಿಯ ಕೊನೆಯಿಂದ ಅಜ್ಜಿಯ ಗಂಟಲು ಕೇಳಿಸಿತು.

"ಏ, ಅವರಿಗೆ ಬೇಡದಿದ್ರೆ ನನಗೆ ತಗೊಂಡು ಬಾರೇ. ಹಲ್ಲಿಲ್ದೋಳು, ಒಣಗಿದ್ದು ಇಳಿಯಲ್ಲ."

ನಾನು ಕೊನೆಗೆ ಹೋದೆ. ಅಜ್ಜಿ ಎಲೆಯನ್ನು ಮುಂದಕ್ಕೆ ನೂಕಿದಳು. ಎಡಗೈಯಲ್ಲಿ, ಹೋಳಿಗೆ ಮುಳುಗುವ ತನಕ, ಹಾಕಿದೆ. ಅಲ್ಲಿಂದ ತಿರುಗಿ, ಮಧ್ಯದವರಿಗೆಲ್ಲ ಬಡಿಸುತ್ತ ಬಂದೆ. ಒಬ್ಬರೂ ಬೇಡವೆನ್ನಲಿಲ್ಲ, ಅಪ್ಪನೂ ಅನ್ನಲಿಲ್ಲ. ಮಾವನ ಎಲೆಯ ಹತ್ತಿರ ಬಂದಾಗ ಅವರ ಕೈ ಆಗಲೇ ಪಕ್ಕಕ್ಕೆ ಸರಿದಿತ್ತು. ಕಣ್ಣು ಗಿಂಡಿಯ ಮೇಲಿತ್ತು.

ನಾನು ನಿಲ್ಲಲಿಲ್ಲ. ಮಾವ ಅವತ್ತು ಹೋಳಿಗೆಯನ್ನು ತುಪ್ಪವಿಲ್ಲದೆ ತಿಂದರು. ಅದು ಗಂಟಲಲ್ಲಿ ಹಿಡಿಯುತ್ತದೆ. ಹಿಡಿಯಲಿ ಎಂದೇ ನಾನು ಮತ್ತೆ ಅತ್ತ ಹೋಗಲಿಲ್ಲ.